ಬೀಗ ತೆಗೆದ ಮೊದಲ ದಿನವೇ ಓಡಿ ಹೋಗಬೇಡಿ

ಲೀಗ್‌ನ ಮಾಲೀಕರಿಗೂ ಆಟಗಾರರ ಸಂಘಕ್ಕೂ ನಡೆದ ಜಗಳ ಮುಗಿದಾಗಲೆಲ್ಲ ಎರಡೂ ಕಡೆಯವರು ಕ್ಯಾಮೆರಾ ಮುಂದೆ ಕೈಕುಲುಕಿ ಅಭಿಮಾನಿಗಳ ತಾಳ್ಮೆಯನ್ನು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಬಡವಾದ ಕೂಸು ನಾವು. ಅವರು ಹಂಚಿಕೊಳ್ಳಲು ಹೊಡೆದಾಡಿದ್ದು ನಾವು ಕೊಟ್ಟ ಹಣಕ್ಕಾಗಿಯೇ.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್, 2004–05ರ ಇಡೀ ಋತುವನ್ನು ಬೀಗಮುದ್ರೆಗೆ, ಅಂದರೆ ಒಪ್ಪಂದ ಕುದುರುವವರೆಗೆ ಮಾಲೀಕರೇ ಆಟ ನಿಲ್ಲಿಸುವುದಕ್ಕೆ, ಬಲಿಕೊಟ್ಟಿತು. ಆ ವರ್ಷ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಯಾರಿಗೂ ಸಿಗಲಿಲ್ಲ. ಆಟ ಮತ್ತೆ ಶುರುವಾದಾಗ ಪ್ರೇಕ್ಷಕರ ಸಂಖ್ಯೆ ಹೊಸ ದಾಖಲೆ ಬರೆಯಿತು. ಇದನ್ನು ಕಂಡ ಮಾಲೀಕರಿಗೆ ಮುಂದಿನ ಸಲ ಅಂಜಿಕೆ ಏಕಿರಬೇಕು? 2012ರಲ್ಲಿ ಮತ್ತೆ ಬೀಗ ಬಿತ್ತು, ತಂಡವೊಂದಕ್ಕೆ 82 ಪಂದ್ಯಗಳಿರುತ್ತಿದ್ದ ಋತು 48ಕ್ಕೆ ಇಳಿಯಿತು. 2013ರ ಜನವರಿಯಲ್ಲಿ ಆಟ ಮರಳಿದ ದಿನ ನಾನೂ ಟಿವಿ ಮುಂದೆ ಕುಳಿತಿದ್ದೆ. ಅಂದು ಮಾಡಿದ್ದು ತಪ್ಪು ಎಂದು ಇಂದು ಒಪ್ಪಿಕೊಳ್ಳುತ್ತೇನೆ.

ಹಾಗೆಂದು ಸಿಟ್ಟೊಂದೇ ಸಾಲದು. 1994ರ ಆಗಸ್ಟ್ 12ರಂದು ಅಮೆರಿಕದ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು. ಚಾಂಪಿಯನ್ ಯಾರೆಂದು ನಿರ್ಧರಿಸುವ ವರ್ಲ್ಡ್ ಸೀರೀಸ್ 1904ರ ನಂತರ ಮೊದಲ ಬಾರಿಗೆ ರದ್ದಾಯಿತು. ಆಗ 74 ಗೆದ್ದು 40 ಸೋತು ಎಲ್ಲ ತಂಡಗಳಿಗಿಂತ ಮುಂದಿದ್ದ ಮಾಂಟ್ರಿಯಲ್ ಎಕ್ಸ್‌ಪೋಸ್‌ಗೆ ಅಂಥ ಋತು ಮತ್ತೆ ಬರಲಿಲ್ಲ, ಹತ್ತು ವರ್ಷಗಳ ಬಳಿಕ ಆ ನಗರಕ್ಕೆ ತಂಡವೇ ಇಲ್ಲವಾಯಿತು. ಮುಷ್ಕರ ಮುಗಿದ 1995ರಲ್ಲಿ ನ್ಯೂಯಾರ್ಕ್‌ನ ಶೇ ಕ್ರೀಡಾಂಗಣದಲ್ಲಿ ಮೂವರು ‘ದುರಾಸೆ’ ಎಂಬ ಅರ್ಥದ ಪದವಿದ್ದ ಅಂಗಿ ತೊಟ್ಟು ಮೈದಾನಕ್ಕೆ ನುಗ್ಗಿ ಆಟಗಾರರ ಕಾಲಬಳಿ ಡಾಲರ್ ನೋಟುಗಳನ್ನು ಎಸೆದರು. ಪಂದ್ಯವೊಂದರ ಸರಾಸರಿ ಪ್ರೇಕ್ಷಕರು 31 ಸಾವಿರದಿಂದ 25 ಸಾವಿರಕ್ಕೆ ಕುಸಿದರು. ಅಷ್ಟು ದೊಡ್ಡ ರೋಷ! ಆದರೆ ಆ ರೋಷ ಏನನ್ನು ಕೇಳುತ್ತಿತ್ತು? ಕೇಳಿಕೆಯೇ ಇಲ್ಲದ ಮೇಲೆ ಕೊಡುವವರು ಏನನ್ನು ಕೊಡಬೇಕು? ಕಾಲ ಸರಿದಂತೆ ಕುರ್ಚಿಗಳು ತುಂಬಿದವು, ಅಷ್ಟೆ.

ಈಗ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಲಿವರ್‌ಪೂಲ್ ನೋಡಿ. ಅದು ಕಾರ್ಮಿಕ ವಿವಾದವಲ್ಲ, ಆದರೂ ಕಲಿಯಬೇಕಾದದ್ದು ಅಲ್ಲಿಯೇ ಇದೆ. 2016ರ ಫೆಬ್ರವರಿಯಲ್ಲಿ ಕ್ಲಬ್ಬು ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ನಿಗದಿ ಮಾಡಿತು. ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೆಯ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರನಡೆದರು. ತಮ್ಮ ತಂಡ 2–0 ಮುಂದಿದ್ದಾಗ! ಪಂದ್ಯ 2–2ರಲ್ಲಿ ಮುಗಿಯಿತು. ಮಾಲೀಕರು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಆ ದರವನ್ನು ಕೈಬಿಟ್ಟರು. ಜರ್ಮನಿಯ ಫುಟ್‌ಬಾಲ್ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಪಂದ್ಯಗಳನ್ನು ಪದೇ ಪದೇ ನಿಲ್ಲಿಸಿದ್ದರಿಂದ 2024ರ ಫೆಬ್ರವರಿಯಲ್ಲಿ ಲೀಗ್ ತನ್ನ ಆದಾಯದ ಪಾಲನ್ನು ಹೊರಗಿನ ಹೂಡಿಕೆದಾರರಿಗೆ ಮಾರುವ ಒಪ್ಪಂದವನ್ನೇ ಬಿಟ್ಟಿತು. ಇಬ್ಬರಿಗೂ ಒಂದೊಂದೇ ಬೇಡಿಕೆಯಿತ್ತು, ಮಗುವಿಗೂ ಅರ್ಥವಾಗುವಂಥದ್ದು.

ಹಾಗಾದರೆ ಬೀಗ ತೆಗೆದ ಮೇಲೆ ನಾವು ಏನು ಕೇಳಬೇಕು? ರದ್ದಾದ ಪಂದ್ಯಗಳ ಹಣ ನಾವು ಅರ್ಜಿ ಹಾಕದೆಯೇ ಮರಳಬೇಕು, ಮುಂದಿನ ಋತುವಿನ ಲೆಕ್ಕಕ್ಕೆ ಜಮಾ ಆಗಬಾರದು. ಹೊಸ ಒಪ್ಪಂದ ಜಾರಿಯಲ್ಲಿರುವಷ್ಟು ವರ್ಷ ಟಿಕೆಟ್ ದರ ಏರಬಾರದು. ನನ್ನ ಮಟ್ಟಿಗೆ ಈ ಎರಡು ಸಾಕು. ಇವನ್ನು ತಂಡದ ಕಚೇರಿಗೆ ಬರೆದು, ಉತ್ತರಕ್ಕೆ ಒಂದು ದಿನಾಂಕ ಕೊಡಬೇಕು. ಆಟಗಾರರ ಮೇಲೆ ಕೂಗಾಡಿ ಫಲವಿಲ್ಲ, ಟಿಕೆಟ್ ದರ ಅವರ ಕೈಯಲ್ಲಿಲ್ಲ. ಬೀಗಮುದ್ರೆಯಾಗಿದ್ದರೆ ಆಟ ನಿಲ್ಲಿಸಿದವರೂ ಮಾಲೀಕರೇ.

ಪೂರ್ಣ ಬಹಿಷ್ಕಾರದ ಬಗ್ಗೆ ನನಗೊಂದು ಅಳುಕಿದೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಕೂಲಿ ಕಳೆದುಕೊಂಡವರು ಕ್ರೀಡಾಂಗಣದಲ್ಲಿ ತಿಂಡಿ ಮಾರುವವರು, ಗೇಟು ಕಾಯುವವರು, ಕಸ ಗುಡಿಸುವವರು. ನಾವು ಹೋಗದಿದ್ದರೆ ಮತ್ತೆ ಅವರಿಗೇ ಪೆಟ್ಟು. ಆದ್ದರಿಂದ ಹೋಗೋಣ, ಅವರ ಬಳಿ ಕೊಳ್ಳೋಣ. ತಂಡದ ಅಂಗಿ, ಟೋಪಿ ಮಾತ್ರ ಬೇಡ. ಎಷ್ಟು ಪಂದ್ಯಗಳನ್ನು ನಮ್ಮಿಂದ ಕಸಿದರೋ ಅಷ್ಟನೆಯ ನಿಮಿಷಕ್ಕೆ, ಅಂಕ ಎಷ್ಟೇ ಇರಲಿ, ನೇರ ಪ್ರಸಾರದ ಕ್ಯಾಮೆರಾಗಳ ಮುಂದೆಯೇ ಎಲ್ಲರೂ ಒಟ್ಟಿಗೆ ಎದ್ದು ಹೊರಡೋಣ.