ಮೆಣಸಿನ ಸಸಿಯ ಬಾಣಂತನ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಗ ವೀಡಿಯೊ ಕಾಲ್ ಮಾಡುತ್ತಾನೆ. ಅಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಆಗ ಶನಿವಾರ ರಾತ್ರಿ ಎಂಟೂವರೆ. ನಾನು ಏಳೂಮುಕ್ಕಾಲಿಗೇ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಿರುತ್ತೇನೆ. ಕಳೆದ ಫೆಬ್ರವರಿಯ ಒಂದು ಭಾನುವಾರ ಫೋನು ಹೊಡೆದುಕೊಂಡಿತು, ಹಸಿರು ಗುಂಡಿ ಒತ್ತಿದೆ. ಕಂಡದ್ದು ಮಗನ ಮುಖವಲ್ಲ, ಒಂದು ಪ್ಲಾಸ್ಟಿಕ್ ಟ್ರೇ. ಟ್ರೇ ತುಂಬ ಕಪ್ಪು ಮಣ್ಣು. ಮಣ್ಣಿನ ಮೇಲೆ ಏನೂ ಇಲ್ಲ.

“ಅಮ್ಮಾ, ಕಾಣ್ತಿದೆಯಾ?”

“ಏನು?”

“ಬಗ್ಗಿ ನೋಡು. ಎಡಗಡೆ ಮೂಲೆ. ಬೆಳ್ಳಗೆ, ಕೊಕ್ಕೆ ಥರ ಇದೆ ನೋಡು.”

ಕನ್ನಡಕ ಏರಿಸಿ ನೋಡಿದೆ, ಇಳಿಸಿ ನೋಡಿದೆ. ಕೊನೆಗೆ “ಕಾಣ್ತು ಕಣೋ” ಎಂದು ಸುಳ್ಳು ಹೇಳಿದೆ. ಅಂದಿನಿಂದ ಅಕ್ಟೋಬರ್ ತಿಂಗಳವರೆಗೆ ನನಗೆ ಭಾನುವಾರದ ದರ್ಶನ ಮೆಣಸಿನ ಸಸಿಯದೇ. ಹೆತ್ತ ಮಗನದು ಹೆಬ್ಬೆರಳು ಮಾತ್ರ.

ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ಬ್ಯಾಡಗಿ ಮೆಣಸಿನಕಾಯಿ ಪೊಟ್ಟಣದ ತಳದಲ್ಲಿ ಒಂದಷ್ಟು ಬೀಜ ಉದುರಿತ್ತಂತೆ. ನಾವಾದರೆ ಮೊರದಲ್ಲಿ ಕೇರಿ ಎಸೆಯುತ್ತೇವೆ. ಇವನು ಒದ್ದೆ ಟಿಶ್ಯೂವಿನಲ್ಲಿ ಸುತ್ತಿ, ಜಿಪ್ ಇರುವ ಕವರಿಗೆ ಹಾಕಿ, ಫ್ರಿಜ್ಜಿನ ನೆತ್ತಿಯ ಮೇಲಿಟ್ಟ. ಫ್ರಿಜ್ಜಿನ ಒಳಗೆ ಚಳಿ, ನೆತ್ತಿ ಬೆಚ್ಚಗಂತೆ. ನಲವತ್ತು ವರ್ಷ ಫ್ರಿಜ್ ಇಟ್ಟುಕೊಂಡವಳು ನಾನು, ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಹತ್ತು ದಿನವಾದರೂ ಬೀಜ ಕಣ್ಣು ಬಿಡಲಿಲ್ಲ. ಆಮೇಲೆ ಟ್ರೇ ಕೆಳಗೆ ಹಾಸಲು ಕರೆಂಟಿನ ಚಾಪೆಯೊಂದನ್ನು ತರಿಸಿದ. ಮಣ್ಣು 27 ಡಿಗ್ರಿ ಬೆಚ್ಚಗಿದ್ದರೆ ವಾರ-ಹತ್ತು ದಿನಕ್ಕೆ ಮೊಳಕೆ, ತಣ್ಣಗಿದ್ದರೆ ಬೀಜ ಕೂತಲ್ಲೇ ಕೊಳೆಯುತ್ತದೆ. ಆ ಹೊತ್ತಿಗೆ ಅವನ ಕಿಟಕಿಯಾಚೆ ಮೈನಸ್ 28.

ಇವನು ಹುಟ್ಟಿದ್ದು ಡಿಸೆಂಬರಿನಲ್ಲಿ, ಚಾಮರಾಜಪೇಟೆಯ ಇದೇ ಮನೆಯಲ್ಲಿ. ನನ್ನ ಬಾಣಂತನಕ್ಕೆ ಬಂದಿದ್ದ ನಮ್ಮಮ್ಮ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ನನ್ನ ಕಿವಿಗೆ ಹತ್ತಿ ತುರುಕಿ, ಕಿಟಕಿ ಸಂದಿಗೆ ಹಳೇ ಸೀರೆ ಗಿಡಿದಿದ್ದರು. ಬೆಂಗಳೂರಿನ ಚಳಿ ಎಷ್ಟಿದ್ದೀತು? ದಾಖಲೆಯಲ್ಲಿರುವ ಅತಿ ಕಡಿಮೆ ಎಂದರೆ 1884ರ ಜನವರಿಯ 7.8 ಡಿಗ್ರಿ. ಅಷ್ಟಾದರೂ ನಮ್ಮೂರಿನವರು ಹದಿನಾರು ಡಿಗ್ರಿಗೇ ಮಂಕಿ ಕ್ಯಾಪ್ ಹುಡುಕುತ್ತಾರೆ. ಆ ಅಗ್ಗಿಷ್ಟಿಕೆಯ ಮೇಲೆ ಬೆಳೆದವನು ಈಗ ಹಿಮದ ನಡುವೆ ಕೂತು ಮೆಣಸಿಗೆ ಬಾಣಂತನ ಮಾಡುತ್ತಿದ್ದಾನೆ. ಇದನ್ನು ನೋಡುವಾಗ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಬಾಣಂತನ ಎಂದೆನಲ್ಲ, ಅತಿಶಯೋಕ್ತಿಯಲ್ಲ. ದಿನಕ್ಕೆ ಹದಿನಾರು ಗಂಟೆ ದೀಪ, ಅದಕ್ಕೊಂದು ಟೈಮರ್. ಮೊಳಕೆ ಎದ್ದಾಗ ಕೆಲವದರ ತಲೆಗೆ ಬೀಜದ ಸಿಪ್ಪೆ ಟೋಪಿಯಂತೆ ಅಂಟಿಕೊಂಡಿರುತ್ತದೆ. ಅದನ್ನು ಎಳೆಯಬಾರದು, ಬೆಚ್ಚನೆಯ ನೀರಿನ ಹನಿ ಬಿಟ್ಟು ನೆನೆಸಿ ಬಿಡಿಸಬೇಕು. ನೀರು ಹೆಚ್ಚಾದರೆ ಸಸಿ ಬುಡದಲ್ಲೇ ಕೊಳೆತು ರಾತ್ರೋರಾತ್ರಿ ಅಡ್ಡಬೀಳುತ್ತದೆ. ಕಾಂಡ ಗಟ್ಟಿಯಾಗಲಿ ಎಂದು ಪುಟ್ಟದೊಂದು ಫ್ಯಾನ್ ಹಚ್ಚಿಟ್ಟಿದ್ದ. ಹೊರಗೆ ಮೂಗು ಉದುರುವ ಚಳಿ, ಒಳಗೆ ಹೀಟರ್, ಹೀಟರಿನ ಮನೆಯಲ್ಲಿ ಗಿಡಕ್ಕೆ ಫ್ಯಾನ್! ನಮ್ಮ ರೂಮಿನ ಫ್ಯಾನು ಕಿರುಗುಟ್ಟಲು ಶುರುವಾಗಿ ಎರಡು ವರ್ಷವಾಯಿತು, ಅದನ್ನು ಯಾರೂ ಕೇಳುವುದಿಲ್ಲ.

“ಬ್ಯಾಡಗಿ ನಮ್ಮ ಹಾವೇರಿ ಜಿಲ್ಲೆಯದು ಕಣೋ. 2011ರಲ್ಲಿ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಅದನ್ನ ಯಾಕೆ ಆ ಹಿಮದಲ್ಲಿ ಹಿಂಸೆ ಮಾಡ್ತೀಯ?” ಎಂದೆ.

“ಮೂಲ ಈ ಕಡೇದೇ ಅಮ್ಮ. ಮೆಕ್ಸಿಕೋ ಕಡೆಯಿಂದ ಪೋರ್ಚುಗೀಸರು ನಿಮಗೆ ತಂದುಕೊಟ್ಟಿದ್ದು. ನಾನು ವಾಪಸ್ ತವರಿಗೆ ಕಳಿಸ್ತಿದೀನಿ.”

“ನಿಮಗೆ” ಎಂದನಲ್ಲ, ಗಮನಿಸಿದಿರಾ? ನಾನಂತೂ ಗಮನಿಸಿದೆ. ಮೆಕ್ಸಿಕೋಗೂ ವಿನ್ನಿಪೆಗ್‌ಗೂ ಎಷ್ಟು ದೂರ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೊಲಂಬಸ್ ಕಾಳುಮೆಣಸು ಹುಡುಕಿಕೊಂಡು ಹೋಗಿ ಇದನ್ನು ಕಂಡು ಅದೇ ಹೆಸರಿಟ್ಟ, ನಾವೂ ಮೆಣಸಿನ ಮುಂದೆ ಒಂದು ಕಾಯಿ ಸೇರಿಸಿ ಸುಮ್ಮನಾದೆವು. ಹೆಸರಿಡುವುದರಲ್ಲಿ ಎರಡೂ ಕಡೆಯವರು ಸಮಾನ ಸೋಮಾರಿಗಳು.

ಅವನ ಆಫೀಸಿನವನೊಬ್ಬ ಕೆರೊಲಿನಾ ರೀಪರ್ ಬೆಳೆಯುತ್ತಾನಂತೆ. 2013ರಲ್ಲಿ ಗಿನ್ನೆಸ್ ದಾಖಲೆಗೆ ಹೋದ ಕಾಯಿ. ಹದಿನೈದು ಲಕ್ಷ ಸ್ಕೋವಿಲ್‌ಗೂ ಮೀರಿದ ಖಾರ. 2023ರಲ್ಲಿ ಪೆಪ್ಪರ್ ಎಕ್ಸ್ ಎಂಬುದು ಬಂದು ಇಪ್ಪತ್ತಾರು ಲಕ್ಷ ದಾಟಿಸಿತು. ಈ ಸ್ಕೋವಿಲ್ ಎಂಬಾತ 1912ರಲ್ಲಿ ಖಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ನಾಲಿಗೆಗೆ ಗೊತ್ತಾಗದ ಹಂತ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿದ. ನಮ್ಮತ್ತೆ ಸಾರಿನ ಸೌಟಿಗೆ ಕಿರುಬೆರಳು ತಾಗಿಸಿ “ಒಂದು ಮೆಣಸಿನಕಾಯಿ ಜಾಸ್ತಿ” ಎನ್ನುತ್ತಿದ್ದರು, ಆ ಒಂದು ಯಾವ ಸೊಸೆ ಹಾಕಿದ್ದೆಂದೂ ಹೇಳುತ್ತಿದ್ದರು. ರೀಪರ್ ತಿಂದು ಕಣ್ಣು ಮೂಗು ಸುರಿಸುತ್ತ ವೀಡಿಯೊ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಊಟವೇ? ಬ್ಯಾಡಗಿಯ ಮರ್ಯಾದೆ ಇರುವುದು ಬಣ್ಣದಲ್ಲಿ.

ಇತ್ತ ನನ್ನ ಕಥೆ. ಆ ಫೆಬ್ರವರಿಯಲ್ಲೇ ಸಾರಿನ ಪುಡಿ, ಹುಳಿಪುಡಿಗೆಂದು ನಾನೂ ಟೆರೇಸಿನ ಮೇಲೆ ನಾಲ್ಕು ಕೇಜಿ ಬ್ಯಾಡಗಿ, ಒಂದು ಕೇಜಿ ಗುಂಟೂರು ಹರವಿದ್ದೆ. ಮಗನ ಹುಚ್ಚು ನನಗೂ ಅಂಟಿ ಎರಡು ಕುಂಡಕ್ಕೆ ಬೀಜ ಹಾಕಿದೆ. ಇಲ್ಲಿ ಚಾಪೆ ಬೇಡ, ದೀಪ ಬೇಡ, ಐದಾರು ದಿನಕ್ಕೇ ಎದ್ದವು. ಅಂಗೈ ಎತ್ತರವಾದವು. ಆಮೇಲೆ ಮುಟುರು ರೋಗ ಬಂತು. ಎಲೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ನನ್ನದು ಎರಡೂ ಕಡೆ ಮಡಚಿತ್ತು. ಹುಳಿ ಮಜ್ಜಿಗೆಗೆ ಇಂಗು ಕದಡಿ ಸಿಂಪಡಿಸಿದೆ, ಬೇವಿನೆಣ್ಣೆ ಹೊಡೆದೆ. ಗಿಡ ಒಗ್ಗರಣೆಯ ವಾಸನೆ ಬಂತೇ ಹೊರತು ನೆಟ್ಟಗಾಗಲಿಲ್ಲ. ಟೆರೇಸಿನ ನೀರು ಹೋಗುವ ಪೈಪಿನ ಬಾಯಲ್ಲಿ, ಸಿಮೆಂಟು ಬಿರುಕಿನಲ್ಲಿ, ಯಾರೂ ಹಾಕದ ಬೀಜವೊಂದು ತಾನಾಗಿ ಹುಟ್ಟಿ ಹನ್ನೊಂದು ಕಾಯಿ ಬಿಟ್ಟಿತು. ಮಗನಿಗೆ ತೋರಿಸೋಣ ಎಂದು ಫೋಟೊ ತೆಗೆಯುವಷ್ಟರಲ್ಲಿ ವಾಟರ್‌ಪ್ರೂಫಿಂಗ್‌ಗೆ ಬಂದವನು “ಗಲೀಜಿತ್ತು ಮೇಡಂ, ಕ್ಲೀನ್ ಮಾಡಿದೀನಿ” ಎಂದ.

ಹನ್ನೊಂದು ಕಾಯಿಗೆ ಇಷ್ಟು ಗೋಳೇ ಎಂದು ನೀವು ಕೇಳಬಹುದು. ನಿಜ, ಮೊನ್ನೆ ಮೊನ್ನೆಯವರೆಗೆ ಹಸಿಮೆಣಸಿನಕಾಯಿಗೆ ಯಾರು ದುಡ್ಡು ಕೊಡುತ್ತಿದ್ದರು? ಅದು ಕೊಸರು. ಗಾಡಿಯವಳ ಹತ್ತಿರ ಕಾಲು ಕೇಜಿ ಹುರುಳಿಕಾಯಿ ಕೊಂಡರೆ ಒಂದೆಸಳು ಕರಿಬೇವು, ನಾಲ್ಕು ಮೆಣಸಿನಕಾಯಿ ಅವಳೇ ಎಸೆಯುತ್ತಿದ್ದಳು. ಈಗ ಹತ್ತು ನಿಮಿಷಕ್ಕೆ ಮನೆಗೆ ತರುವ ಆ್ಯಪಿನಲ್ಲಿ ಮೆಣಸಿನಕಾಯಿ ನೂರು ಗ್ರಾಂ ಪೊಟ್ಟಣ, ಅದಕ್ಕೊಂದು ಬೆಲೆ, ಬೆಲೆಯ ಮೇಲೆ ಹ್ಯಾಂಡ್ಲಿಂಗ್ ಚಾರ್ಜು. ಕೊಸರು ಎಂಬ ಗುಂಡಿ ಆ ಆ್ಯಪಿನಲ್ಲಿ ಎಲ್ಲೂ ಇಲ್ಲ, ಹುಡುಕಿದ್ದೇನೆ.

ಎಸೆಯುತ್ತಿದ್ದಳು ಎಂದೆ. ಗಾಡಿಯವಳು ಎಂದೂ ಕೈಗೆ ಕೊಟ್ಟವಳಲ್ಲ, ಚೀಲದೊಳಕ್ಕೇ ಎಸೆಯುತ್ತಿದ್ದಳು. ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ. ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವಳು. ರಾಹುಕಾಲ ನಂಬುವುದಿಲ್ಲ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ದಾರಿ ಬಿಡುತ್ತೇನೆ ಅಷ್ಟೆ. ಆದರೆ ಇದೊಂದನ್ನು ನನ್ನೆದುರು ಮೂಢನಂಬಿಕೆ ಎನ್ನಬೇಡಿ.

ಅವತ್ತು ರಾಮನವಮಿ. ಆಗ ಇದು ಕೂಡುಕುಟುಂಬದ ಮನೆ. ಕೋಸಂಬರಿಗೆ ಹೆಸರುಬೇಳೆ ನೆನೆದಿತ್ತು. ಅಕ್ಕ, ಅಂದರೆ ನನ್ನ ಹಿರೀ ಓರಗಿತ್ತಿ, “ನಾಲ್ಕು ಹಸಿಮೆಣಸಿನಕಾಯಿ ಕೊಡೇ” ಎಂದು ಕೈ ಚಾಚಿದರು. ನನ್ನ ಜೀವವೆಲ್ಲ ಒಲೆಯ ಮೇಲಿನ ಹಾಲಿನಲ್ಲಿತ್ತು. ಕೊಟ್ಟುಬಿಟ್ಟೆ. “ಅಯ್ಯೋ, ಕೆಳಗಿಡಬಾರದಿತ್ತೇನೇ!” ಎಂದು ಅತ್ತೆ ಬಾಗಿಲಲ್ಲೇ ನಿಂತರು. ಅಕ್ಕ ನಕ್ಕರು, ನಾನೂ ನಕ್ಕೆ. ಆ ನಗು ಮಧ್ಯಾಹ್ನ ಮೂರರವರೆಗೆ ಇತ್ತು.

ಮೂರು ಗಂಟೆಗೆ ತುರಿಯುವ ಮಣೆಯ ವಿಷಯ ಎದ್ದಿತು. ಮನೆಯಲ್ಲಿ ಎರಡಿದ್ದವು, ಒಂದು ಅವರ ತವರಿನದು, ಒಂದು ನನ್ನ ತವರಿನದು. ಒಂದರ ಹಲ್ಲು ಮುರಿದಿತ್ತು. ಮುರಿದದ್ದು ಯಾರದ್ದು ಎಂಬುದೇ ಪ್ರಶ್ನೆ. ನನ್ನದು ಚೆನ್ನಾಗಿರುವುದು ಎಂದೆ. ಅಕ್ಕ ತೆಂಗಿನಕಾಯಿ ಹೋಳು ಕೆಳಗಿಟ್ಟು, “ನಿಮ್ಮ ತವರಿನಿಂದ ಬಂದಾಗಲೇ ಅದಕ್ಕೆ ಹಲ್ಲಿರಲಿಲ್ಲ” ಎಂದರು. ನಮ್ಮಪ್ಪ ಹಲ್ಲೆಲ್ಲ ಕೀಳಿಸಿಕೊಂಡು, ಸೆಟ್ಟು ಇನ್ನೂ ಬಾರದೆ, ಹಿಂದಿನ ವಾರವಷ್ಟೇ ಈ ಮನೆಗೆ ಬಂದು ಗಂಜಿ ಕುಡಿದು ಹೋಗಿದ್ದರು. ಮಣೆಯ ಬಗ್ಗೆಯೇ ಹೇಳಿದ್ದು ಎಂದು ಅಕ್ಕ ಆಮೇಲೆ ದೇವರಾಣೆ ಇಟ್ಟರು. ಆದರೆ ಅಷ್ಟರಲ್ಲಿ ನಾನು ಅವರ ಅಣ್ಣತಮ್ಮಂದಿರ ಬಗ್ಗೆ ಒಂದು ಮಾತು ಅಂದುಬಿಟ್ಟಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಒಂಬತ್ತು ವರ್ಷ ಮಾತಿಲ್ಲ. ಅವರು ಕೆಳಗೆ ಒಲೆ ಹೂಡಿದರು, ನಾವು ಮೇಲೆ. ಸಂಪಿನ ಮೋಟಾರ್ ಆಫ್ ಮಾಡಬೇಕೆಂದರೂ ಮಗನನ್ನು ಕಳಿಸಬೇಕು: “ಹೋಗಿ ದೊಡ್ಡಮ್ಮನಿಗೆ ಹೇಳು.” ಇವನು ಇಳಿದು ಹೋಗಿ ಹೇಳಿ, ಒಂದು ಚಕ್ಕುಲಿ ತಿಂದು, ಉತ್ತರ ಹೊತ್ತು ತಂದು, ನನ್ನ ಹತ್ತಿರ ಇನ್ನೊಂದು ಚಕ್ಕುಲಿ ವಸೂಲಿ ಮಾಡುತ್ತಿದ್ದ. ಆ ಕಾಲದಲ್ಲಿ ದುಂಡಗಾದವನು ವಿನ್ನಿಪೆಗ್‌ಗೆ ಹೋಗುವವರೆಗೂ ಇಳಿಯಲಿಲ್ಲ. ಅತ್ತೆ ಮಾತ್ರ ಯಾರ ಪಕ್ಷವನ್ನೂ ವಹಿಸದೆ, ಇಬ್ಬರ ಮುಂದೆಯೂ “ನಾಲ್ಕು ಮೆಣಸಿನಕಾಯಿ” ಎಂದಷ್ಟೇ ಹೇಳಿ ನಿಟ್ಟುಸಿರು ಬಿಡುತ್ತಿದ್ದರು.

ಮುಗಿದದ್ದೂ ಮೆಣಸಿನಕಾಯಿಯಿಂದಲೇ. ಒಂಬತ್ತನೆಯ ವರ್ಷದ ಮಾರ್ಚಿನಲ್ಲಿ ಟೆರೇಸಿನ ಮೇಲೆ ಇಬ್ಬರದೂ ಒಣಗುತ್ತಿತ್ತು, ನಡುವೆ ನಾನೇ ಕೆಮ್ಮಣ್ಣಿನಲ್ಲಿ ಎಳೆದ ಗೆರೆ. ನಾನು ಬ್ಯಾಂಕಿನಲ್ಲಿದ್ದಾಗ ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಬಂತು. ಅಕ್ಕ ಓಡಿ ಬಂದು ಎರಡೂ ರಾಶಿಯನ್ನು ಒಂದೇ ಸೀರೆಯಲ್ಲಿ ಬಾಚಿ ಒಳಗೆ ಹಾಕಿದರು. ಬೆರೆತುಹೋಯಿತು. ಪಾಲು ಮಾಡಬೇಕಾದರೆ ಮಾತಾಡಲೇಬೇಕು. ಸಂಜೆ ಮೆಟ್ಟಿಲ ಕೆಳಗೆ ನಿಂತು, “ನಿಂದು ಎಷ್ಟು ಕೇಜಿ ಇತ್ತೇ?” ಎಂದರು. “ಐದು” ಎಂದೆ. ಐದು ತೂಗಿ ಮೆಟ್ಟಿಲ ಮೇಲಿಟ್ಟರು. ನಾನು ಎತ್ತಿಕೊಂಡೆ.

ನನ್ನದು ನಾಲ್ಕೇ ಇದ್ದದ್ದು.

ಎಲ್ಲಿದ್ದೆ? ಹ್ಞಾಂ, ವಿನ್ನಿಪೆಗ್. ಸಸಿ ಹೊರಗಿಡುವುದಕ್ಕೆ ಅಲ್ಲಿ ಮುಹೂರ್ತವಿದೆ. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ರಜೆ, ಮೇ 25ಕ್ಕೆ ಹಿಂದಿನ ಸೋಮವಾರ. ಆಮೇಲೆ ಹಿಮ ಬೀಳುವ ಭಯ ಕಡಿಮೆ ಎಂದು ಕೆನಡಾದ ತೋಟದವರ ಲೆಕ್ಕ. ನಮ್ಮ ಕಬ್ಬನ್ ಪಾರ್ಕಿನಲ್ಲೂ 1906ರಿಂದ ಅದೇ ರಾಣಿ ನಿಂತಿದ್ದಾಳೆ, ಇಲ್ಲಿ ಅವಳನ್ನು ಕೇಳಿ ಯಾರೂ ಮೆಣಸಿನಕಾಯಿ ನೆಡುವುದಿಲ್ಲ. ಮುಹೂರ್ತ ಬಂದರೂ ಒಮ್ಮೆಗೇ ಹೊರಗಿಡುವಂತಿಲ್ಲ. ಮೊದಲ ದಿನ ಒಂದು ಗಂಟೆ ನೆರಳಲ್ಲಿ, ಮಾರನೇ ದಿನ ಎರಡು ಗಂಟೆ. ದೀಪದ ಕೆಳಗೆ ಬೆಳೆದ ಗಿಡಕ್ಕೆ ನಿಜವಾದ ಬಿಸಿಲು ತಾಗಿದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ಇವನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕುಂಡ ಹೊರಗೆ ಒಳಗೆ ಹೊತ್ತ.

ರಜೆ ಎಂದಾಗ ನೆನಪಾಯಿತು. ಬೆಂಗಳೂರಿಗೆ ಬಂದು ಹೋಗು ಎಂದರೆ ಫೆಬ್ರವರಿಯಿಂದ ಮೇವರೆಗೆ “ಸಸಿ ಇದೆ ಅಮ್ಮ”. ಬೇಸಿಗೆಯಲ್ಲಿ “ಈಗ ಹೂ ಬಿಟ್ಟಿದೆ.” ಸೆಪ್ಟೆಂಬರಿನಲ್ಲಿ “ಹಿಮ ಬೀಳೋದರೊಳಗೆ ಕುಂಡ ಒಳಗೆ ತರಬೇಕು.” ಹಾಗಾದರೆ ಚಳಿಗಾಲದಲ್ಲಿ ಬಾ, ಗಿಡ ಸತ್ತಿರುತ್ತಲ್ಲ ಎಂದೆ. ಅದು ಸಾಯುವುದಿಲ್ಲವಂತೆ. ಮೆಣಸಿನ ಗಿಡ ಬೆಚ್ಚಗಿದ್ದರೆ ವರ್ಷಗಟ್ಟಲೆ ಬದುಕುತ್ತದೆ. ಕೊಂಬೆ ಕತ್ತರಿಸಿ ಒಳಗಿಟ್ಟು ಆಗಾಗ ಒಂದು ಲೋಟ ನೀರು ಹಾಕಿದರೆ ಮುಂದಿನ ವರ್ಷ ಮತ್ತೆ ಚಿಗುರುತ್ತದೆ. “ಆ ಒಂದು ಲೋಟ ನೀರು ಹಾಕೋರು ಯಾರಿಲ್ವಾ ನಿಮ್ಮೂರಲ್ಲಿ?” ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ ಎಂದು ಕಾಣುತ್ತದೆ, ಫೋನು ಸಕ್ಕರೆ ಡಬ್ಬಿಯಿಂದ ಜಾರಿ ಬಿತ್ತು.

ಅಕ್ಟೋಬರಿನಲ್ಲಿ ಫಸಲು. ಮೂವತ್ತೊಂದು ಕಾಯಿ. ಅರ್ಧ ಒಳಗೆ ತಂದ ಮೇಲೆ ಕೆಂಪಾದದ್ದು. ನಾನು ಮನಸ್ಸಿನಲ್ಲೇ ಚಾಪೆ, ದೀಪ, ಕರೆಂಟಿನ ಬಿಲ್ಲು ಕೂಡಿ ಮೂವತ್ತೊಂದರಿಂದ ಭಾಗಿಸಿ, ಬಂದ ಉತ್ತರವನ್ನು ಯಾರಿಗೂ ಹೇಳಲಿಲ್ಲ. ಆಗ ಹೊಳೆದಿದ್ದ ಆ ದೊಡ್ಡ ವಿಷಯವನ್ನು ಈ ಕಾಯಿಗಳಿಗೆ ಹೊಂದಿಸಿ ಅವನಿಗೆ ಹೇಳಬೇಕೆಂದಿದ್ದೆ. ಕುಕ್ಕರ್ ಕೂಗಿತು, ಎದ್ದು ಹೋಗಿ ಬರುವಷ್ಟರಲ್ಲಿ ಮರೆತೆ.

ಬಂದು ನೋಡಿದರೆ ಪರದೆಯ ತುಂಬ ಒಂದು ಕೆಂಪು ಕಾಯಿ, ಬ್ಯಾಡಗಿಯದೇ ಸುಕ್ಕು. ಅದರ ಹಿಂದೆ, ಎಷ್ಟೋ ತಿಂಗಳ ಮೇಲೆ, ಅವನ ಮುಖ. ಗಡ್ಡದಲ್ಲಿ ಎರಡು ಬಿಳಿ ಕೂದಲು.

“ತಗೋ ಅಮ್ಮಾ” ಎಂದು ಕೈ ಚಾಚಿದ.

“ಕೆಳಗಿಡೋ!” ಎಂದು ಕೂಗಿಬಿಟ್ಟೆ.

ಹಾಲಿನಲ್ಲಿ ಪೇಪರ್ ಓದುತ್ತಿದ್ದ ಇವರು, ಏನು ಬಿತ್ತೋ ಎಂದು ಎದ್ದು ಬಂದರು.