ನಿಮಗಿರೋದು ಹೈಪೋನಾ, ಹೈಪರಾ?

"ನನಗೆ ಥೈರಾಯ್ಡ್ ಇದೆ" ಅನ್ನುವವರನ್ನು ಹೈಪೋನಾ, ಹೈಪರಾ ಅಂತ ಕೇಳಿ ನೋಡಿ. ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ತಪ್ಪು ಅವರದ್ದಲ್ಲ. ಎರಡೂ ಗ್ರೀಕ್‌ನಿಂದ ಬಂದ ಪದಗಳು, ಫೋನಿನಲ್ಲಿ ಹೇಳಿದರೆ ಒಂದೇ ಥರ ಕೇಳಿಸುತ್ತವೆ, ಆದರೆ ಅರ್ಥ ಪೂರ್ತಿ ಉಲ್ಟಾ. ಹೈಪೋ ಅಂದರೆ ಕಡಿಮೆ, ಹೈಪರ್ ಅಂದರೆ ಜಾಸ್ತಿ.

ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಹಾರ್ಮೋನನ್ನು ಕಡಿಮೆ ತಯಾರಿಸಿದರೆ ಹೈಪೋ. ಸುಸ್ತು, ಚಳಿ ತಡೆಯೋಕಾಗಲ್ಲ, ಮಲಬದ್ಧತೆ, ತೂಕ ಏರುತ್ತದೆ. ಜಾಸ್ತಿ ತಯಾರಿಸಿದರೆ ಹೈಪರ್. ಎದೆ ಡವಡವ, ಕೈ ನಡುಕ, ಬೆವರು, ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ.

ದೊಡ್ಡ ಗೊಂದಲ ಇರುವುದು ರಿಪೋರ್ಟಿನಲ್ಲಿ. ಅಲ್ಲಿ ಟಿಎಸ್‌ಎಚ್ ಅಂತ ಇರುತ್ತದಲ್ವಾ, ಅದನ್ನು ಥೈರಾಯ್ಡ್ ತಯಾರಿಸುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ "ಕೆಲಸ ಮಾಡು" ಅಂತ ಹೇಳಿ ಕಳಿಸುವ ಹಾರ್ಮೋನ್ ಅದು. ಆಳು ನಿಧಾನ ಮಾಡಿದಷ್ಟೂ ಮೇಸ್ತ್ರಿ ಜೋರಾಗಿ ಕೂಗುವ ಹಾಗೆ, ಥೈರಾಯ್ಡ್ ಮಂದವಾದಷ್ಟೂ ಟಿಎಸ್‌ಎಚ್ ಏರುತ್ತದೆ. ಹಾಗಾಗಿ ಹೈಪೋ ಇರುವವರ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಟಿಎಸ್‌ಎಚ್ ಮುಂದೆ "ಹೈ" ಅಂತಲೇ ಬರುತ್ತದೆ! ಅದನ್ನು ನೋಡಿ ಮನೆಯವರೆಲ್ಲ "ಥೈರಾಯ್ಡ್ ಜಾಸ್ತಿಯಾಗಿದೆ" ಅಂತಾರೆ, ಕೆಲವು ಸಲ ಲ್ಯಾಬಿನವರೂ ಹಾಗೇ ಹೇಳಿ ಕಳಿಸುತ್ತಾರೆ. ನಿಜವಾಗಿ ಆಗಿರುವುದು ಕಡಿಮೆ.

ಇದು ಸುಮ್ನೆ ಪದದ ಜಗಳ ಅಲ್ಲ. ಹೈಪೋಗೆ ಲಿವೊಥೈರಾಕ್ಸಿನ್ ಕೊಡುತ್ತಾರೆ, ಅಂದರೆ ಕೊರತೆ ಬಿದ್ದ ಹಾರ್ಮೋನೇ ಮಾತ್ರೆಯ ರೂಪದಲ್ಲಿ. ಹೈಪರ್‌ಗೆ ಕಾರ್ಬಿಮಜೋಲ್‌ನಂಥ ಮಾತ್ರೆ, ಅದು ಹಾರ್ಮೋನ್ ತಯಾರಾಗುವುದನ್ನೇ ತಗ್ಗಿಸುತ್ತದೆ. "ನಮ್ಮಿಬ್ಬರಿಗೂ ಥೈರಾಯ್ಡೇ ತಾನೆ" ಅಂತ ಹೈಪರ್ ಇರುವ ವಯಸ್ಸಾದವರು ಪಕ್ಕದ ಮನೆಯವರ ಲಿವೊಥೈರಾಕ್ಸಿನ್ ನುಂಗಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ದಯವಿಟ್ಟು ಇನ್ನೊಬ್ಬರ ಮಾತ್ರೆ ಮುಟ್ಟಬೇಡಿ.

ಸಕ್ಕರೆ ಕಾಯಿಲೆಯಲ್ಲೂ ಇದೇ ಜೋಡಿ ಇದೆ. ಇನ್ಸುಲಿನ್ ತಗೊಳ್ಳುವವರ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಹೈಪೋ. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಡಾಕ್ಟರುಗಳಲ್ಲಿ, ಲ್ಯಾಬಿನವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಇಂಗ್ಲಿಷ್ ಹೆಸರು ಇರಲಿ, ಅದರ ಕೆಳಗೆ "ಗ್ರಂಥಿ ಕಡಿಮೆ ಕೆಲಸ ಮಾಡುತ್ತಿದೆ" ಅಥವಾ "ಜಾಸ್ತಿ ಕೆಲಸ ಮಾಡುತ್ತಿದೆ" ಅಂತ ಕನ್ನಡದಲ್ಲಿ ಒಂದು ಸಾಲು ಬರೆದುಕೊಡಿ. ಅಲ್ಲಿಯವರೆಗೆ ನಾವೇ ಕೇಳಿ ಬರೆಸಿಕೊಳ್ಳೋಣ, ಚೀಟಿಯ ಮೇಲೇ.