ಒಂದು ಹನಿ ರಕ್ತ ನೋಡಲಿಕ್ಕೆ ಎಂತ ಕಷ್ಟ ಇತ್ತು?

ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದೆ, ಇನ್ನು ಆಗುವುದಿಲ್ಲ.

ನಮ್ಮ ನಾಯಿ ಬೊಳ್ಳು ಬೀದಿಯಿಂದ ಬಂದವನು. ನಾಲ್ಕು ವರ್ಷದ ಹಿಂದೆ ಮಂಗಳೂರಿನ ಕುಲಶೇಖರದ ನಮ್ಮ ಗೇಟಿನ ಎದುರು, ಮಳೆನೀರು ಹೋಗುವ ಚರಂಡಿಯಲ್ಲಿ ಸಿಕ್ಕಿದ. ಮೈಯೆಲ್ಲ ಬಿಳಿ, ಹಾಗಾಗಿ ಅಮ್ಮ ಇಟ್ಟ ಹೆಸರು ಬೊಳ್ಳು. ಕುಚ್ಚಲಕ್ಕಿ ಅನ್ನಕ್ಕೆ ಬೇಯಿಸಿದ ಬೂತಾಯಿ ಕಲಸಿ ಇಟ್ಟರೆ, ನೆಕ್ಕಿ ನೆಕ್ಕಿ ತಟ್ಟೆಯನ್ನು ಅಡಿಗೆಮನೆ ಬಾಗಿಲಿನವರೆಗೆ ದೂಡಿಕೊಂಡು ಬರುತ್ತಾನೆ. ಅಂಥವನು ಈ ಸಲ ನವರಾತ್ರಿ ಕಳೆದ ಮೇಲೆ ಊಟ ಬಿಟ್ಟ. ಮೀನನ್ನು ಮೂಸಿಯೂ ನೋಡಲಿಲ್ಲ. ಮೈ ಬಿಸಿ. ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ ಉಣ್ಣಿ. ನಾನೇ ಕೂತು ಹನ್ನೆರಡು ಉಣ್ಣಿ ತೆಗೆದಿದ್ದೆ.

ಆಗ ನಾನು ಮಾಡಿದ ಆಯ್ಕೆ ಇದು: ಹೋಲಿಸ್ಟಿಕ್ ಅಂತ ಬೋರ್ಡ್ ಹಾಕಿದ ಒಂದು ಕ್ಲಿನಿಕ್. ಹೆಸರು ಹೇಳುವುದಿಲ್ಲ.

ಯಾಕೆ ಅಲ್ಲಿಗೆ ಹೋದೆ ಅಂತ ಕೇಳುತ್ತೀರಿ ಅಲ್ವಾ? ಮೊದಲು ತೋರಿಸುತ್ತಿದ್ದ ಕಡೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಇಂಜೆಕ್ಷನ್ ಚುಚ್ಚಿ, ಚೀಟಿ ಬರೆದು, ಮುಂದಿನವರು ಬನ್ನಿ. ಇದು ಎಂತದ್ದು ಇಂಜೆಕ್ಷನ್ ಅಂತ ಕೇಳಿದರೆ ಮುಖ ಗಂಟು ಹಾಕುತ್ತಿದ್ದರು. ಇಲ್ಲಿ ಹಾಗಲ್ಲ. ನಲವತ್ತು ನಿಮಿಷ ಕೂತು ಮಾತಾಡಿದರು. ಬೊಳ್ಳು ಎಲ್ಲಿ ಮಲಗುತ್ತಾನೆ, ಯಾರಿಗೆ ಹೆದರುತ್ತಾನೆ, ಮರಿ ಇರುವಾಗ ಹೇಗಿದ್ದ, ಎಲ್ಲ ಕೇಳಿದರು. ನೆಲದ ಮೇಲೆ ಕೂತು ಅವನ ತಲೆ ಸವರಿದರು. ನನಗೆ ಕಣ್ಣಲ್ಲಿ ನೀರು ಬಂತು. ಇಂಥವರೇ ಬೇಕಿತ್ತು ಅಂದುಕೊಂಡೆ. 1,500 ರೂಪಾಯಿ ಖುಷಿಯಿಂದಲೇ ಕೊಟ್ಟೆ.

ಆದರೆ ಆ ನಲವತ್ತು ನಿಮಿಷದಲ್ಲಿ ಥರ್ಮಾಮೀಟರ್ ಹೊರಗೆ ಬರಲಿಲ್ಲ. ತುಟಿ ಎತ್ತಿ ವಸಡು ನೋಡಲಿಲ್ಲ. ಉಣ್ಣಿ ತೆಗೆದೆ ಅಂತ ನಾನೇ ಹೇಳಿದೆ. ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಒಂದಲ್ಲ, ಎರಡು ಸಲ ಕೇಳಿದೆ. "ರಕ್ತ ತೆಗೆದು ಅವನಿಗೆ ಯಾಕೆ ಸುಮ್ನೆ ಹಿಂಸೆ? ಶಕ್ತಿ ಬಂದರೆ ಉಣ್ಣಿ ತಾನಾಗಿ ಬಿಟ್ಟು ಹೋಗುತ್ತದೆ" ಅಂದರು.

ಕೊಟ್ಟದ್ದು ಹೋಮಿಯೋಪತಿ ಮದ್ದಿನ ಒಂದು ಸಣ್ಣ ಬಾಟಲಿ. ಮೇಲೆ 30ಸಿ ಅಂತ ಬರೆದಿತ್ತು. ಅದರ ಅರ್ಥ ಆಮೇಲೆ ತಿಳಿದುಕೊಂಡೆ. ಒಂದು ಪಾಲು ಮದ್ದಿಗೆ 99 ಪಾಲು ನೀರೋ ಸ್ಪಿರಿಟ್ಟೋ ಸೇರಿಸುವುದು, ಅದರಿಂದ ಒಂದು ಪಾಲು ತೆಗೆದು ಪುನಃ 99 ಪಾಲು ಸೇರಿಸುವುದು, ಹೀಗೆ ಮೂವತ್ತು ಸಲ. ಕೊನೆಗೆ ಆ ಬಾಟಲಿಯಲ್ಲಿ ಮೂಲ ಮದ್ದಿನ ಒಂದು ಅಣುವೂ ಉಳಿಯುವುದಿಲ್ಲ. ಜ್ವರದಲ್ಲಿ ಸುಡುತ್ತಿದ್ದ ನನ್ನ ನಾಯಿಗೆ ಅದನ್ನು ಒಂಬತ್ತು ದಿನ ಕುಡಿಸಿದೆ.

ಅದಾದರೂ ಪರವಾಗಿಲ್ಲ ಅನ್ನಬಹುದು, ಕೆಡುಕಂತೂ ಮಾಡಲಿಲ್ಲ ಅಂತ. ಜೊತೆಗೆ ಇನ್ನೊಂದು ಹೇಳಿದರು. ಉಣ್ಣಿ ಓಡಿಸಲಿಕ್ಕೆ ದಿನಾ ಎರಡು ಎಸಳು ಹಸಿ ಬೆಳ್ಳುಳ್ಳಿ ಜಜ್ಜಿ ಅನ್ನಕ್ಕೆ ಹಾಕಿ ಅಂತ. ಮಾರಾಯ್ರೆ, ಬೆಳ್ಳುಳ್ಳಿ, ನೀರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುವಂಥವು! ಬೆಕ್ಕಿಗೆ ಇನ್ನೂ ಜಾಸ್ತಿ ಅಪಾಯ. ಪ್ರಾಣಿಗೆ ಮದ್ದು ಕೊಡುತ್ತೇನೆ ಅಂತ ಕೂತವರಿಗೆ ಇಷ್ಟೂ ಗೊತ್ತಿರಬಾರದಾ? ಮೊದಲೇ ರಕ್ತ ಕಡಿಮೆಯಾಗುತ್ತಿದ್ದ ನಾಯಿ ಅದು. ಅವನು ಬೇಡ ಅಂತ ಮುಖ ತಿರುಗಿಸುತ್ತಿದ್ದ. ನಾನೇ ಬಾಯಿ ತೆರೆದು ತಿನ್ನಿಸಿದೆ. ನನ್ನ ಈ ಕೈಯಲ್ಲಿ. ಅದು ನೆನಪಾದರೆ ರಾತ್ರಿ ನಿದ್ದೆ ಬರುವುದಿಲ್ಲ.

ಒಂಬತ್ತನೇ ದಿನ ಆದಿತ್ಯವಾರ. ರಾತ್ರಿ ಹತ್ತೂವರೆಗೆ ಬೊಳ್ಳುವಿನ ಮೂಗಿನಿಂದ ರಕ್ತ ಬರಲಿಕ್ಕೆ ಶುರುವಾಯಿತು. ಚಾವಡಿಯ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದದ್ದು ಮೊದಲು ಕಾಣಲೇ ಇಲ್ಲ. ಅಮ್ಮನ ಕಾಲಿಗೆ ತಾಗಿದಾಗಲೇ ಗೊತ್ತಾದದ್ದು. ಆ ಕ್ಲಿನಿಕ್ಕಿನವರಿಗೆ ಫೋನ್ ಮಾಡಿದೆ. "ಒಳಗಿನ ವಿಷ ಹೊರಗೆ ಬರ್ತಾ ಉಂಟು, ಒಳ್ಳೆಯ ಲಕ್ಷಣ, ಮದ್ದು ನಿಲ್ಲಿಸಬೇಡಿ" ಅಂದರು.

ಒಳ್ಳೆಯ ಲಕ್ಷಣ! ನಾಯಿಯ ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿರುವಾಗ!

ಪಕ್ಕದ ಮನೆಯ ಅಣ್ಣ ರಿಕ್ಷಾ ತೆಗೆದರು. ಒಬ್ಬರು ಡಾಕ್ಟರಮ್ಮ ಫೋನ್ ಎತ್ತಿ, ಆ ಹೊತ್ತಿಗೆ ಬಾಗಿಲು ತೆರೆದು ಕೂತಿದ್ದರು. ತುಟಿ ಎತ್ತಿದರು. ವಸಡು ಕಾಗದದ ಹಾಗೆ ಬಿಳಿ. ಒಂದಿಷ್ಟು ರಕ್ತ ತೆಗೆದು ಮಿಷನ್ನಿಗೆ ಹಾಕಿದರು. ಹತ್ತು ನಿಮಿಷ ಆಗಲಿಲ್ಲ. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಬರೇ 22 ಸಾವಿರ. ಆರೋಗ್ಯವಾಗಿರುವ ನಾಯಿಗೆ ಸುಮಾರು ಎರಡು ಲಕ್ಷದಿಂದ ಮೇಲೆ ಇರಬೇಕಂತೆ. ಉಣ್ಣಿ ಜ್ವರ. ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾ, ನಾಯಿಗೆ ಹತ್ತುವ ಕಂದು ಉಣ್ಣಿಯಿಂದ ಬರುವುದು. ನಮ್ಮ ಕರಾವಳಿಯ ಸೆಕೆಗೆ, ಪಸೆಗೆ ಈ ಉಣ್ಣಿ ಗೋಡೆಯ ಬಿರುಕಿನಲ್ಲೂ ಮೊಟ್ಟೆ ಇಟ್ಟು ಬದುಕುತ್ತದೆ. ಈ ರೋಗಕ್ಕೆ ಲಸಿಕೆ ಇಲ್ಲ. ಆದರೆ ಮದ್ದು ಉಂಟು. ಡಾಕ್ಸಿಸೈಕ್ಲಿನ್, ಹಳೇ ಮದ್ದು, ದುಬಾರಿಯೂ ಅಲ್ಲ. 28 ದಿನ ತಪ್ಪದೆ ಕೊಡಬೇಕು. ಬೇಗ ಶುರು ಮಾಡಿದರೆ ಹೆಚ್ಚಿನ ನಾಯಿಗಳು ಹುಷಾರಾಗುತ್ತವೆ. ತಡವಾಗಿ ಮೂಳೆಯ ಮಜ್ಜೆಗೆ ಇಳಿದರೆ ಕಷ್ಟ. ನಾವು ಕಳೆದುಕೊಂಡದ್ದು ಆ "ಬೇಗ" ಅನ್ನುವ ಒಂಬತ್ತು ದಿನ.

ನಾಟಿ ಮದ್ದಿಗೆ ನಾನು ವಿರೋಧಿ ಅಂತ ದಯವಿಟ್ಟು ಹೇಳಬೇಡಿ. ಮೂಡುಬಿದಿರೆಯ ದೊಡ್ಡಮ್ಮನ ಮನೆಯಲ್ಲಿ ದನದ ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುತ್ತಾರೆ. ಅದನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೇ ಹೈನುಗಾರರಿಗೆ ಹೇಳಿಕೊಡುತ್ತಾರೆ. ಗಂಟು ನೋವಿನ ಮುದಿ ನಾಯಿಗೆ ಮಾತ್ರೆಯ ಜೊತೆಗೆ ಅಕ್ಯುಪಂಕ್ಚರ್, ವ್ಯಾಯಾಮ ಮಾಡಿಸುವ ಪಶುವೈದ್ಯರೂ ಇದ್ದಾರೆ. ಅವರು ಮೊದಲು ಕಾಯಿಲೆ ಏನು ಅಂತ ನೋಡುತ್ತಾರೆ. ಹೋಲಿಸ್ಟಿಕ್ ಅಂದರೆ ಇಡೀ ಪ್ರಾಣಿಯನ್ನು ನೋಡುವುದು ಅಂತ ಆ ಕ್ಲಿನಿಕ್ಕಿನ ಗೋಡೆಯಲ್ಲೇ ಬರೆದಿತ್ತು. ಇಡೀ ಪ್ರಾಣಿಯಲ್ಲಿ ರಕ್ತ ಸೇರುವುದಿಲ್ಲವಾ? ಅವನು ಹೆದರುವ ಪಟಾಕಿಯ ಬಗ್ಗೆ ಹತ್ತು ನಿಮಿಷ ಕೇಳಿದವರಿಗೆ ಅವನ ವಸಡು ನೋಡಲಿಕ್ಕೆ ಅರ್ಧ ನಿಮಿಷ ಸಿಗಲಿಲ್ಲವಾ?

ಇನ್ನೊಂದು ಮಾತು, ಇದಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ರೇಬಿಸ್ ಲಸಿಕೆ ಇನ್ನು ಹಾಕಿಸಬೇಡಿ, ಅದರ ಬದಲು ಹನಿ ಮದ್ದು ಉಂಟು ಅಂದಿದ್ದರು. ಆ ಮಾತು ಮಾತ್ರ ನಾನು ಕೇಳಲಿಲ್ಲ. ನಮ್ಮ ಓಣಿಯಲ್ಲಿ ಆರು ಬೀದಿನಾಯಿಗಳಿವೆ, ಬೊಳ್ಳುವಿನ ಕುತ್ತಿಗೆ ಹಿಡಿದು ಆಡುವ ಸಣ್ಣ ಮಕ್ಕಳಿದ್ದಾರೆ. ರೇಬಿಸ್ ಲಕ್ಷಣ ಕಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ತೀರಾ ಅಪರೂಪ. ಅಂಥ ರೋಗದ ಲಸಿಕೆ ಬೇಡ ಅನ್ನಲಿಕ್ಕೆ ನಾಲಗೆ ಹೇಗೆ ಬರುತ್ತದೆ?

ನಾನು ಕೇಳದೇ ಬಿಟ್ಟ ಪ್ರಶ್ನೆ ಒಂದುಂಟು, ನೀವು ಕೇಳಿ. ನಿಮ್ಮ ನೋಂದಣಿ ಸಂಖ್ಯೆ ಎಷ್ಟು? 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನೋಂದಣಿ ಆದವರು ಮಾತ್ರ ಪ್ರಾಣಿಗಳಿಗೆ ಚಿಕಿತ್ಸೆ ಮಾಡಬೇಕು. ನಮ್ಮಲ್ಲಿ ಅದು ಕರ್ನಾಟಕ ಪಶುವೈದ್ಯ ಪರಿಷತ್ತಿನಲ್ಲಿ. ಆ ಕ್ಲಿನಿಕ್ಕಿನ ಗೋಡೆಯಲ್ಲಿ ಎಷ್ಟೋ ಸರ್ಟಿಫಿಕೇಟ್ ಇದ್ದವು, ಚಂದದ ಫ್ರೇಮ್ ಹಾಕಿಸಿ. ಒಂದನ್ನೂ ನಾನು ಹತ್ತಿರ ಹೋಗಿ ಓದಲಿಲ್ಲ. ಹೋದ ವಾರ ಪುನಃ ಹೋಗಿ ಕೇಳಿದೆ. "ನೀವು ನೆಗೆಟಿವ್ ಆಗಿ ಯೋಚನೆ ಮಾಡ್ತೀರಿ, ಅದು ನಾಯಿಗೂ ತಾಗುತ್ತದೆ" ಅಂದರು. ಸಂಖ್ಯೆ ಕೊಡಲಿಲ್ಲ. ಬೊಳ್ಳುವಿಗೆ ಏನೆಲ್ಲ ಕೊಟ್ಟಿರಿ ಅಂತ ಬರೆದು ಕೊಡಿ ಅಂದೆ. ಅದನ್ನೂ ಕೊಡಲಿಲ್ಲ. ನಾನು ಬರುವಾಗ ಹೊರಗೆ ಬೆಂಚಿನಲ್ಲಿ ಒಬ್ಬರು ಅಜ್ಜಿ ಬೆಕ್ಕಿನ ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ರಕ್ತ ಪರೀಕ್ಷೆ ಮಾಡಿಸಿ ಅಜ್ಜಿ, ಬೇರೆ ಕಡೆ ತೋರಿಸಿ" ಅಂದೆ. ಅವರು ಬುಟ್ಟಿಯನ್ನು ಇನ್ನೂ ಹತ್ತಿರ ಎಳೆದುಕೊಂಡು ನನ್ನನ್ನೇ ನೋಡಿದರು, ನಾನೇ ಕೆಟ್ಟವಳು ಅನ್ನುವ ಹಾಗೆ.

ಇವತ್ತು ಹತ್ತೊಂಬತ್ತನೇ ಮಾತ್ರೆ. ಬೆಳಿಗ್ಗೆ ಅರ್ಧ ಬೂತಾಯಿ ತಿಂದ. ತಟ್ಟೆ ದೂಡುವಷ್ಟು ಶಕ್ತಿ ಇನ್ನೂ ಬಂದಿಲ್ಲ. ನಾಳೆ ಪುನಃ ರಕ್ತ ಪರೀಕ್ಷೆ ಉಂಟು.